ಉಪಗ್ರಹ ಚಿತ್ರದಲ್ಲಿ ಕಾಳಿ ನದಿಯ ಕಣಿವೆ ಗುಡ್ಡದ ನೆತ್ತಿಯಂತೆ ಕಾಣುವುದೇಕೆ?

ಪ್ರಶ್ನೆ: ಕಡವಾಡ ಅಕ್ಕೋರು, ಕಾರವಾರ

ನಾನು ಕಾರವಾರ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ಬಾರಿಯ ವಿಜ್ಞಾನ ಪ್ರದರ್ಶನಕ್ಕೆ ಆಕಾಶದಿಂದ ನಮ್ಮ ಜಿಲ್ಲೆ ಹೇಗೆ ಕಾಣುತ್ತದೆ ಎಂಬ ವಿಷಯವನ್ನು ಆರಿಸಿಕೊಂಡು, ಉಚಿತವಾಗಿ ದೊರೆಯುವ ಉಪಗ್ರಹ ಚಿತ್ರಗಳನ್ನು ದೊಡ್ಡ ಹಾಳೆಗಳಲ್ಲಿ ಮುದ್ರಿಸಿಕೊಂಡಿದ್ದೇವೆ. ಅವುಗಳಲ್ಲಿ ಒಂದು, ಕೊಡಸಳ್ಳಿಯಿಂದ ಕದ್ರಾದವರೆಗೆ ಕಾಳಿ ನದಿ ಹಾದುಬರುವ ಕಣಿವೆಯ ಚಿತ್ರ. ಡಿಸೆಂಬರ್ ತಿಂಗಳಲ್ಲಿ ತೆಗೆದದ್ದಾದ್ದರಿಂದ ಮೋಡವಿಲ್ಲ. ಎರಡೂ ಬದಿಯ ಕಾಡು, ನಡುವಿನ ನೀರು, ಪಕ್ಕದಿಂದ ಬಂದು ಸೇರುವ ಹಳ್ಳಗಳು ಎಲ್ಲವೂ ಸ್ಪಷ್ಟವಾಗಿವೆ.

ತೊಂದರೆ ಏನೆಂದರೆ, ಚಿತ್ರದಲ್ಲಿ ನದಿ ಕಣಿವೆಯಲ್ಲಿ ಹರಿಯುತ್ತಿರುವಂತೆ ಕಾಣುವುದೇ ಇಲ್ಲ. ಉದ್ದಕ್ಕೆ ಮಲಗಿದ ಗುಡ್ಡದ ನೆತ್ತಿಯ ಮೇಲೆ ಯಾರೋ ಕಾಲುವೆ ತೋಡಿ ನೀರು ಬಿಟ್ಟಂತೆ ಕಾಣುತ್ತದೆ. ಪಕ್ಕದ ಹಳ್ಳಗಳೂ ಹಾಗೆಯೇ, ಗುಡ್ಡದಿಂದ ಕವಲೊಡೆದ ಏಣುಗಳಂತೆ ತೋರುತ್ತವೆ. ಆ ರಸ್ತೆಯಲ್ಲಿ ಓಡಾಡಿ ಕಣಿವೆಯ ಆಳವನ್ನು ಬಲ್ಲ ನನಗೇ ಹಾಗೆ ಕಂಡಿತು. ಹಾಳೆಯನ್ನು ಮೇಜಿನ ಮೇಲೆ ಹರಡಿದಾಗ ಸುತ್ತ ನಿಂತ ಮಕ್ಕಳಲ್ಲಿ ಎರಡು ಪಕ್ಷಗಳಾದವು. ಒಂದು ಪಕ್ಷ ಗುಡ್ಡ ಎಂದು ಹಟ ಹಿಡಿದರೆ ಇನ್ನೊಂದು ಪಕ್ಷ ಕಣಿವೆಯೇ ಎಂದು ವಾದಿಸಿತು. ಅದೇ ಹಾಳೆಯನ್ನು ಗೋಡೆಗೆ ತೂಗುಹಾಕಿದ ಮೇಲೆ ಹೆಚ್ಚುಕಡಿಮೆ ಎಲ್ಲರೂ ಗುಡ್ಡದ ಪಕ್ಷಕ್ಕೆ ಸೇರಿದರು.

ಇದು ಮುದ್ರಣದ ದೋಷವೋ, ಚಿತ್ರವೇ ಹಾಗಿದೆಯೋ? ಮಕ್ಕಳಲ್ಲಿ ಎರಡು ಪಕ್ಷವಾದದ್ದೇಕೆ? ಕಾಡು ರಕ್ತಗೆಂಪಾಗಿ ಕಾಣುವ ಇನ್ನೊಂದು ಬಗೆಯ ಚಿತ್ರವೂ ನಮ್ಮಲ್ಲಿದೆ. ಅದನ್ನು ಹಾಕಿದರೆ ಈ ಗೊಂದಲ ತಪ್ಪೀತೇ? ಪ್ರದರ್ಶನಕ್ಕೆ ಬರುವವರಿಗೆ ಸರಿಯಾದ ವಿವರಣೆ ಕೊಡಬೇಕಾಗಿರುವುದರಿಂದ, ಬಲ್ಲವರು ದಯವಿಟ್ಟು ಸ್ವಲ್ಪ ವಿಸ್ತಾರವಾಗಿಯೇ ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ಸೋಂದಾ ಮಾಸ್ತರು, ಶಿರಸಿ

ಅಕ್ಕೋರೆ, ಮುದ್ರಣದಲ್ಲಿ ದೋಷವಿಲ್ಲ, ಮಕ್ಕಳ ಕಣ್ಣಿನಲ್ಲೂ ದೋಷವಿಲ್ಲ. ಮೇಜಿನ ಸುತ್ತ ನಿಂತಿದ್ದಾಗ ಯಾವ ಮಕ್ಕಳು ಯಾವ ಬದಿಗಿದ್ದರು ಎಂಬುದನ್ನು ಒಮ್ಮೆ ವಿಚಾರಿಸಿ ನೋಡಿ. ಹಾಳೆಯ ದಕ್ಷಿಣದ ಅಂಚಿನ ಕಡೆ ನಿಂತವರು ಗುಡ್ಡ ಎಂದಿರಬೇಕು, ಎದುರಿನ ಉತ್ತರದ ಅಂಚಿನ ಕಡೆ ನಿಂತವರು ಕಣಿವೆ ಎಂದಿರಬೇಕು. ಗೋಡೆಗೆ ತೂಗುಹಾಕಿದ ಕೂಡಲೇ ಎಲ್ಲರೂ ದಕ್ಷಿಣದ ಅಂಚನ್ನು ಕೆಳಗಿಟ್ಟುಕೊಂಡು ನೋಡಿದಂತಾಯಿತು, ಆದ್ದರಿಂದ ಎಲ್ಲರಿಗೂ ಗುಡ್ಡವೇ ಕಂಡಿತು. ಈಗ ಅದೇ ಹಾಳೆಯನ್ನು ತಲೆಕೆಳಗಾಗಿ ತೂಗುಹಾಕಿ. ಕಣಿವೆ ಕಣಿವೆಯಾಗಿಯೇ ಕಾಣುತ್ತದೆ.

ಕಾರಣ ಬೆಳಕಿನ ದಿಕ್ಕು. ಚಪ್ಪಟೆ ಹಾಳೆಯ ಮೇಲೆ ಉಬ್ಬು ತಗ್ಗುಗಳಿಲ್ಲ. ಇರುವುದು ಬರೀ ಬೆಳಗಿದ ಭಾಗ ಮತ್ತು ಮಬ್ಬಾದ ಭಾಗ. ಇವುಗಳಿಂದ ಮೇಲ್ಮೈಯ ಆಕಾರವನ್ನು ಊಹಿಸಬೇಕಾದರೆ ಬೆಳಕು ಎಲ್ಲಿಂದ ಬರುತ್ತಿದೆ ಎಂಬುದು ಮೊದಲು ಗೊತ್ತಿರಬೇಕು. ಆ ಮಾಹಿತಿ ಚಿತ್ರದಲ್ಲಿ ಇಲ್ಲದಿದ್ದಾಗ ಮಿದುಳು ಸುಮ್ಮನೆ ಕೂರುವುದಿಲ್ಲ, ಬೆಳಕು ಮೇಲಿನಿಂದ ಬರುತ್ತಿದೆ ಎಂದು ತಾನೇ ಇಟ್ಟುಕೊಂಡುಬಿಡುತ್ತದೆ. ಸೂರ್ಯನೂ ಚಂದ್ರನೂ ಯಾವಾಗಲೂ ನಮ್ಮ ತಲೆಯ ಮೇಲಿನ ಕಡೆಯಿಂದಲೇ ಬೆಳಗುವ ಲೋಕದಲ್ಲಿ ಇದು ಒಳ್ಳೆಯ ಊಹೆ. ಹೆಚ್ಚಿನ ಸಲ ಸರಿಯಾಗಿಯೇ ಇರುತ್ತದೆ.

ಕಾಳಿಯ ಆ ಭಾಗ ಹೆಚ್ಚುಕಡಿಮೆ ಪಶ್ಚಿಮಾಭಿಮುಖವಾಗಿ ಹರಿಯುವುದರಿಂದ ಕಣಿವೆಗೆ ಉತ್ತರದ ಗೋಡೆ, ದಕ್ಷಿಣದ ಗೋಡೆ ಎಂದು ಎರಡಿವೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹೀಗಾಗಿ ದಕ್ಷಿಣಕ್ಕೆ ಮುಖ ಮಾಡಿದ ಉತ್ತರದ ಗೋಡೆಗೆ ಬಿಸಿಲು ಚೆನ್ನಾಗಿ ಬೀಳುತ್ತದೆ. ಉತ್ತರಕ್ಕೆ ಮುಖ ಮಾಡಿದ ದಕ್ಷಿಣದ ಗೋಡೆ ಮಬ್ಬಾಗಿರುತ್ತದೆ. ಉತ್ತರವನ್ನು ಮೇಲಿಟ್ಟು ಮುದ್ರಿಸಿದ ಹಾಳೆಯಲ್ಲಿ ಇದು ಹೇಗೆ ಕಾಣುತ್ತದೆ? ನದಿಯ ಮೇಲ್ಭಾಗದ ಪಟ್ಟಿ ಬೆಳ್ಳಗೆ, ಕೆಳಭಾಗದ ಪಟ್ಟಿ ಕಪ್ಪಗೆ. ಮೇಲಿನಿಂದ ಬೆಳಕು ಬಿದ್ದ ಒಂದು ಉದ್ದನೆಯ ಗುಡ್ಡವೂ ಸರಿಯಾಗಿ ಹೀಗೆಯೇ ಕಾಣಬೇಕು. ಹಾಳೆಯಲ್ಲಿ ಬೆಳಕು ಕೆಳಗಿನಿಂದ ಬಂದಿದೆ, ಮಿದುಳು ಮೇಲಿನಿಂದ ಬಂದಿದೆ ಎಂದುಕೊಂಡಿದೆ; ಉಳಿದ ಲೆಕ್ಕವೆಲ್ಲ ಸರಿಯಾಗಿಯೇ ಇದ್ದರೂ ಫಲಿತಾಂಶ ತಿರುವುಮುರುವಾಗಿದೆ.

ಇದು ಹೊಸ ಸಂಗತಿಯೇನೂ ಅಲ್ಲ. ಬಿಂಬವನ್ನು ತಲೆಕೆಳಗು ಮಾಡುವ ಮಸೂರಗಳ ಮೂಲಕ ನೋಡಿದಾಗ ತಗ್ಗುಗಳು ಉಬ್ಬಾಗಿ ಕಾಣುವುದನ್ನು ಅಮೆರಿಕದ ಖಗೋಳಜ್ಞ ಡೇವಿಡ್ ರಿಟನ್‌ಹೌಸ್ 1786ರಲ್ಲೇ ಬೆಳಕಿನ ದಿಕ್ಕಿನ ಆಧಾರದ ಮೇಲೆ ವಿವರಿಸಿದ್ದರು. ನಮ್ಮ ಕಾಲದಲ್ಲಿ ಇದನ್ನು ಅತ್ಯಂತ ಸರಳವಾಗಿ ತೋರಿಸಿಕೊಟ್ಟವರು ನರವಿಜ್ಞಾನಿ ವಿ. ಎಸ್. ರಾಮಚಂದ್ರನ್. 1988ರಲ್ಲಿ ಅವರು ಪ್ರಕಟಿಸಿದ ಪ್ರಯೋಗಗಳಲ್ಲಿ ಬಳಸಿದ್ದು ಕೇವಲ ಬಿಳಿಯಿಂದ ಕಪ್ಪಿಗೆ ನಿಧಾನವಾಗಿ ತಿರುಗುವ ಬಣ್ಣದ ದುಂಡು ಬಿಲ್ಲೆಗಳನ್ನು. ಬಿಳಿಯ ಭಾಗ ಮೇಲಿದ್ದ ಬಿಲ್ಲೆ ಗುಳ್ಳೆಯಂತೆ ಉಬ್ಬಿ ಕಾಣುತ್ತದೆ, ಬಿಳಿಯ ಭಾಗ ಕೆಳಗಿದ್ದ ಬಿಲ್ಲೆ ಕುಳಿಯಂತೆ ಕಾಣುತ್ತದೆ. ಇನ್ನೂ ಸ್ವಾರಸ್ಯದ ಅಂಶವೆಂದರೆ, ಮಿದುಳಿನ ಪಾಲಿಗೆ ಮೇಲು ಎಂಬುದು ಆಕಾಶದ ಕಡೆಯ ಮೇಲಲ್ಲ, ನಮ್ಮ ತಲೆಯ ಕಡೆಯ ಮೇಲು. ಬಗ್ಗಿ ಕಾಲುಗಳ ನಡುವಿನಿಂದ ತಲೆಕೆಳಗಾಗಿ ನೋಡಿದರೆ ಉಬ್ಬು ಕುಳಿಯಾಗುತ್ತದೆ, ಕುಳಿ ಉಬ್ಬಾಗುತ್ತದೆ. ಮಕ್ಕಳಿಗೆ ಹೇಳಿ ನೋಡಿ, ಪ್ರದರ್ಶನದಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಸೇರುವುದು ನಿಮ್ಮ ಮೇಜಿನ ಮುಂದೆಯೇ ಆದೀತು. ಅತಿಥಿಗಳು ಬಗ್ಗುತ್ತಾರೋ ಇಲ್ಲವೋ ನಾನು ಹೇಳಲಾರೆ.

ನೀವು ಕಡಲ ಬದಿಯವರಾದ್ದರಿಂದ ಇನ್ನೊಂದು ಪ್ರಯೋಗ. ಸಂಜೆ ಸೂರ್ಯ ಇಳಿಯುತ್ತಿರುವಾಗ ಹಸಿ ಮರಳಿನ ಮೇಲೆ ಒಂದು ಹೆಜ್ಜೆ ಊರಿ, ಕಡಲಿಗೆ ಮುಖ ಮಾಡಿ ನಿಂತು, ಮೊಬೈಲನ್ನು ಕೆಳಗೆ ಹಿಡಿದು ಆ ಹೆಜ್ಜೆಗುರುತಿನ ಚಿತ್ರ ತೆಗೆಯಿರಿ. ಬೆಳಕು ಚಿತ್ರದ ಮೇಲಿನ ಅಂಚಿನಿಂದ ಬರುವುದರಿಂದ ಗುರುತು ಗುಳಿಯಾಗಿಯೇ ಕಾಣುತ್ತದೆ. ಅನಂತರ ಊರಿನ ಕಡೆ ಮುಖ ಮಾಡಿ, ನಿಮ್ಮ ನೆರಳು ಗುರುತಿನ ಮೇಲೆ ಬೀಳದಂತೆ ತುಸು ಪಕ್ಕಕ್ಕೆ ಸರಿದು, ಅದೇ ಗುರುತಿನ ಇನ್ನೊಂದು ಚಿತ್ರ ತೆಗೆಯಿರಿ. ಎರಡನೆಯದರಲ್ಲಿ ಹಿಮ್ಮಡಿ, ಬೆರಳುಗಳು ಎಲ್ಲವೂ ಮರಳಿನಿಂದ ಮೇಲಕ್ಕೆ ಉಬ್ಬಿ ನಿಂತಂತೆ ಕಾಣುತ್ತವೆ. ಎರಡನ್ನೂ ಅಕ್ಕಪಕ್ಕ ಅಂಟಿಸಿದರೆ ಕಾಳಿ ಕಣಿವೆಯ ವಿವರಣೆಗೆ ಬೇರೆ ಪೀಠಿಕೆ ಬೇಡ.

ಉತ್ತರ: ಹೊಳೆಗದ್ದೆಯವ, ಕುಮಟಾ

ಮಾಸ್ತರರು ಮಿದುಳಿನ ಕಡೆಯ ಕಥೆಯನ್ನು ಹೇಳಿದ್ದಾರೆ. ಉಪಗ್ರಹದ ಕಡೆಯ ಕಥೆಯನ್ನು ನಾನು ಸೇರಿಸುತ್ತೇನೆ. ದೂರಸಂವೇದಿ ಚಿತ್ರಗಳ ಜೊತೆಗೇ ನನ್ನ ದಿನದ ಕೆಲಸ ನಡೆಯುವುದರಿಂದ ಈ ಪ್ರಶ್ನೆ ನಮ್ಮಲ್ಲಿಗೆ ಹೊಸದಾಗಿ ಸೇರುವ ಪ್ರತಿಯೊಬ್ಬರಿಂದಲೂ ಬರುತ್ತದೆ.

ನೀವು ಇಳಿಸಿಕೊಂಡದ್ದು ಬಹುಶಃ ಯುರೋಪಿನ ಸೆಂಟಿನೆಲ್-2 ಅಥವಾ ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರವಿರಬೇಕು. ಇವೂ ನಮ್ಮ ರಿಸೋರ್ಸ್‌ಸ್ಯಾಟ್ ಉಪಗ್ರಹಗಳೂ ಸೂರ್ಯಸ್ಥಿರ ಕಕ್ಷೆಯಲ್ಲಿ ಸುತ್ತುತ್ತವೆ. ಎಂದರೆ, ಯಾವ ದಿನ ಬಂದರೂ ಒಂದು ಊರಿನ ಮೇಲೆ ಹೆಚ್ಚುಕಡಿಮೆ ಅದೇ ಸೌರ ಸಮಯಕ್ಕೆ ಹಾದುಹೋಗುವಂತೆ ಕಕ್ಷೆಯನ್ನು ಹೊಂದಿಸಲಾಗಿದೆ. ಆ ಸಮಯ ಬೆಳಗಿನ ಹತ್ತು, ಹತ್ತೂವರೆಯ ಸುಮಾರಿಗೆ. ಕಾರವಾರದ ರೇಖಾಂಶ 74 ಡಿಗ್ರಿಯ ಆಸುಪಾಸಿನಲ್ಲಿದ್ದು ನಮ್ಮ ಗಡಿಯಾರ 82.5 ಡಿಗ್ರಿಯ ಲೆಕ್ಕದಲ್ಲಿ ನಡೆಯುವುದರಿಂದ, ಕಾರವಾರದಲ್ಲಿ ಕೈಗಡಿಯಾರ ಸೂರ್ಯನಿಗಿಂತ ಅರ್ಧ ಗಂಟೆಗೂ ಸ್ವಲ್ಪ ಹೆಚ್ಚು ಮುಂದಿರುತ್ತದೆ. ಹಾಗಾಗಿ ಸೆಂಟಿನೆಲ್ ನಿಮ್ಮ ಶಾಲೆಯ ಮೇಲೆ ಹಾದುಹೋಗುವಾಗ ಗಡಿಯಾರದಲ್ಲಿ ಹನ್ನೊಂದರ ಆಚೀಚೆ ಆಗಿರುತ್ತದೆ. ಈ ಹೊತ್ತನ್ನೇ ಆರಿಸಿಕೊಂಡದ್ದಕ್ಕೆ ಕಾರಣಗಳಿವೆ. ಅದಕ್ಕಿಂತ ಮುಂಚೆ ಮಂಜು, ಅನಂತರ ಏರುಬಿಸಿಲಿಗೆ ಕಟ್ಟುವ ಮೋಡ. ನಡುವಿನ ಈ ಹೊತ್ತಿನಲ್ಲಿ ಆಕಾಶ ತಿಳಿಯಾಗಿರುವ ಸಂಭವ ಹೆಚ್ಚು, ನೆಲದ ಏರಿಳಿತ ತೋರಿಸುವಷ್ಟು ಓರೆ ಬೆಳಕೂ ಇರುತ್ತದೆ.

ಡಿಸೆಂಬರಿನಲ್ಲಿ ಆ ಹೊತ್ತಿಗೆ ಸೂರ್ಯ ಕಾರವಾರದ ಆಗ್ನೇಯದಲ್ಲಿ, ದಕ್ಷಿಣಕ್ಕೇ ಹೆಚ್ಚು ವಾಲಿಕೊಂಡು, ಸುಮಾರು 45 ಡಿಗ್ರಿ ಎತ್ತರದಲ್ಲಿರುತ್ತಾನೆ. ಉತ್ತರ ಮೇಲಿರುವ ಹಾಳೆಯಲ್ಲಿ ಇದು ಕೆಳಗಿನ ಬಲಮೂಲೆಯ ಕಡೆಯಿಂದ ಬರುವ ಬೆಳಕು. ನೋಡುವವರ ಮಿದುಳು ಬಯಸುವುದು ಮೇಲಿನ ಬೆಳಕನ್ನು, ಅದರಲ್ಲೂ ತುಸು ಎಡಕ್ಕೆ ಸರಿದ ಮೇಲಿನ ಬೆಳಕನ್ನು ಎಂದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತ್ತು. ಇದ್ದದ್ದಕ್ಕೂ ಬಯಸಿದ್ದಕ್ಕೂ ಇದಕ್ಕಿಂತ ಹೆಚ್ಚು ವಿರೋಧ ಇರಲಾರದು. ಭೂಮಧ್ಯರೇಖೆಯಿಂದ ಉತ್ತರಕ್ಕೆ ಇರುವ ಗುಡ್ಡಗಾಡು ಪ್ರದೇಶಗಳ ಹೆಚ್ಚಿನ ಉಪಗ್ರಹ ಚಿತ್ರಗಳಿಗೆ ಈ ಕಾಟ ತಪ್ಪಿದ್ದಲ್ಲ. ಹಿಮಾಲಯದ ಚಿತ್ರ ನೋಡಿದರೆ ನಮ್ಮ ಕಾಳಿ ಏನೂ ಅಲ್ಲ ಅನ್ನಿಸುತ್ತದೆ. ನ್ಯೂಜಿಲೆಂಡಿನಂಥ ದಕ್ಷಿಣದ ದೇಶಗಳಲ್ಲಿ ಸೂರ್ಯ ಉತ್ತರದ ಕಡೆಯಿಂದ ಬೆಳಗುವುದರಿಂದ ಅಲ್ಲಿಯವರಿಗೆ ಈ ತಾಪತ್ರಯ ಕಡಿಮೆ.

ನಮ್ಮ ಜಿಲ್ಲೆಗೆ ಮಾತ್ರ ಒಂದು ಅನುಕೂಲವಿದೆ. ಕಾರವಾರದ ಅಕ್ಷಾಂಶ 15 ಡಿಗ್ರಿಗೂ ತುಸು ಕಡಿಮೆ. ಏಪ್ರಿಲ್ ಕೊನೆಯ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗೆ ಬಂದು, ಅಲ್ಲಿಂದ ಆಗಸ್ಟ್ ಎರಡನೆಯ ವಾರದವರೆಗೆ ನಮಗೆ ಉತ್ತರದಲ್ಲಿರುತ್ತಾನೆ. ಆ ಅವಧಿಯಲ್ಲಿ ಜೂನ್‌ನಿಂದ ಆಚೆಗೆ ಮಳೆಗಾಲವಾದ್ದರಿಂದ ಮೋಡದ ಚಿತ್ರವಲ್ಲದೆ ಬೇರೇನೂ ಸಿಗುವುದಿಲ್ಲ. ಆದರೆ ಮೇ ತಿಂಗಳಲ್ಲಿ ನಿರ್ಮಲವಾದ ದಿನಗಳು ಸಿಗುತ್ತವೆ. ಮೇ ಮಧ್ಯದ ಚಿತ್ರದಲ್ಲಿ ಬೆಳಕು ಪೂರ್ವಕ್ಕಿಂತ ತುಸು ಉತ್ತರದಿಂದ, ಎಂದರೆ ಹಾಳೆಯ ಬಲಗಡೆಯಿಂದ, ಸ್ವಲ್ಪ ಮೇಲಿನಿಂದ ಬಂದಿರುತ್ತದೆ. ಹಾಳೆಯನ್ನು ತಿರುಗಿಸದೆಯೇ ಆ ಭ್ರಮೆ ಬಹಳಷ್ಟು ಸಡಿಲವಾಗುತ್ತದೆ. ಸೂರ್ಯ ಆಗ 65 ಡಿಗ್ರಿಗೂ ಮೇಲಿರುವುದರಿಂದ ಇಳಿಜಾರುಗಳ ಮಬ್ಬು ತೆಳುವಾಗಿ ಗುಡ್ಡಗಳು ಚಪ್ಪಟೆಯಾಗಿ ಕಾಣುತ್ತವೆ ಎಂಬುದೊಂದು ನಷ್ಟ. ಡಿಸೆಂಬರಿನದನ್ನೂ ಮೇ ತಿಂಗಳದನ್ನೂ ಒಟ್ಟಿಗೆ ತೂಗುಹಾಕಿದರೆ ಪ್ರದರ್ಶನಕ್ಕೆ ಬೇಕಾದ್ದು ಅದೇ ಎಂಬುದು ನನ್ನ ಅಭಿಪ್ರಾಯ. ಎರಡೂ ಒಂದೇ ಉಪಗ್ರಹದ್ದು, ಒಂದೇ ಜಾಗದ್ದು, ಬದಲಾದದ್ದು ಸೂರ್ಯನ ದಿಕ್ಕು ಮಾತ್ರ. ಸೆಂಟಿನೆಲ್-2ರ ಜೋಡಿ ಐದು ದಿನಕ್ಕೊಮ್ಮೆ ಬರುತ್ತದೆ, ಒಂದು ಚುಕ್ಕೆ ಹತ್ತು ಮೀಟರ್ ನೆಲಕ್ಕೆ ಸಮ, ಆಯ್ದುಕೊಳ್ಳಲು ಬೇಕಾದಷ್ಟಿದೆ.

ಕೆಂಪು ಕಾಡಿನ ಪ್ರಶ್ನೆಗೆ ಚಿಕ್ಕದಾಗಿ ಉತ್ತರಿಸುತ್ತೇನೆ. ಅದು ಕೃತಕ ವರ್ಣದ ಚಿತ್ರ. ಕಣ್ಣಿಗೆ ಕಾಣದ ಅವಗೆಂಪು ಕಿರಣಗಳ ಅಳತೆಯನ್ನು ಕೆಂಪಾಗಿ, ಕೆಂಪನ್ನು ಹಸಿರಾಗಿ, ಹಸಿರನ್ನು ನೀಲಿಯಾಗಿ ತೋರಿಸಲಾಗುತ್ತದೆ. ಎಲೆಯೊಳಗಿನ ಕೋಶಗಳ ರಚನೆ ಅವಗೆಂಪನ್ನು ಜೋರಾಗಿ ಚದುರಿಸಿ ಹಿಂದಕ್ಕೆ ಕಳುಹಿಸುವುದರಿಂದ ಕಾಡೂ ಅಡಿಕೆ ತೋಟವೂ ಕೆಂಪಾಗಿ ಉರಿಯುತ್ತವೆ, ನೀರು ಅದನ್ನು ಹೀರಿಕೊಳ್ಳುವುದರಿಂದ ಹೊಳೆ ಕಪ್ಪಾಗುತ್ತದೆ. ಗೊಂದಲ ಮಾತ್ರ ತಪ್ಪುವುದಿಲ್ಲ. ಗಾಳಿ ನೀಲಿ ಬೆಳಕನ್ನು ಚದುರಿಸುವಷ್ಟು ಅವಗೆಂಪನ್ನು ಚದುರಿಸುವುದಿಲ್ಲವಾದ್ದರಿಂದ ನೆರಳಿನ ಭಾಗಗಳಿಗೆ ಆಕಾಶದ ಬೆಳಕು ಕಡಿಮೆ ಸಿಕ್ಕಿ ಅವು ಇನ್ನಷ್ಟು ಕಪ್ಪಾಗುತ್ತವೆ. ಕೆಂಪು ಚಿತ್ರದಲ್ಲಿ ನಿಮ್ಮ ಗುಡ್ಡ ಇನ್ನೂ ಎತ್ತರವಾಗಿ ಕಂಡರೆ ಆಶ್ಚರ್ಯಪಡಬೇಡಿ.

ಉತ್ತರ: ಕಾಸರಕೋಡ ದುರ್ಬೀನು, ಹೊನ್ನಾವರ

ಮೇಲಿನ ಎರಡೂ ಉತ್ತರಗಳಿಗೆ ನನ್ನ ಒಪ್ಪಿಗೆಯಿದೆ. ಆದರೆ ಬೆಳಕು ಮೇಲಿನಿಂದ ಬರುತ್ತದೆ ಎಂಬ ಊಹೆಯೊಂದೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂಬ ಅರ್ಥ ಬರಬಾರದು ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ಅದಕ್ಕಿಂತ ಬಲವಾದ ಊಹೆಗಳೂ ಮಿದುಳಿನಲ್ಲಿವೆ.

ಚೌತಿಯ ಮುಂಚೆ ಗಣಪತಿ ಮಾಡುವವರ ಮನೆಗೆ ಹೋದರೆ ಮುಖದ ಅಚ್ಚುಗಳು ಸಿಗುತ್ತವೆ. ಅಚ್ಚಿನ ಒಳಮೈ ತಗ್ಗಾಗಿರುತ್ತದೆ. ಹಣೆ, ಕಣ್ಣು, ಸೊಂಡಿಲಿನ ಬುಡ ಎಲ್ಲವೂ ಒಳಕ್ಕೆ ಇಳಿದಿರುತ್ತವೆ. ಅಂಥದ್ದೊಂದನ್ನು ಗೋಡೆಗೆ ಒರಗಿಸಿಟ್ಟು, ನಾಲ್ಕೈದು ಮಾರು ದೂರದಿಂದ ಒಂದು ಕಣ್ಣು ಮುಚ್ಚಿ ನೋಡಿ. ತಗ್ಗಿನ ಮುಖ ಹೊರಕ್ಕೆ ಉಬ್ಬಿದ ಮುಖವಾಗಿಬಿಡುತ್ತದೆ. ನೀವು ಆಚೆಯಿಂದ ಈಚೆಗೆ ನಡೆದರೆ ಆ ಮುಖವೂ ನಿಮ್ಮನ್ನೇ ಹಿಂಬಾಲಿಸಿ ತಿರುಗಿದಂತೆ ತೋರುತ್ತದೆ, ಚಿಕ್ಕ ಮಕ್ಕಳಿದ್ದರೆ ಹೆದರುವುದೂ ಉಂಟು. ಇಲ್ಲಿ ದೀಪವನ್ನು ಮೇಲಿಟ್ಟಿದ್ದರೂ ಮುಖ ಉಬ್ಬಾಗಿಯೇ ಕಾಣುತ್ತದೆ, ಮಿದುಳು ಬೆಳಕೇ ಕೆಳಗಿನಿಂದ ಬರುತ್ತಿದೆ ಎಂದು ತಿದ್ದಿಕೊಳ್ಳುತ್ತದೆ. ಮುಖ ಎಂದರೆ ಹೊರಕ್ಕೆ ಉಬ್ಬಿರಬೇಕು ಎಂಬ ಜೀವಮಾನದ ಅಭ್ಯಾಸ ಬೆಳಕಿನ ಅಭ್ಯಾಸವನ್ನು ಸೋಲಿಸುತ್ತದೆ. ಕಣಿವೆಗೆ ಅಂಥ ಅಭ್ಯಾಸದ ಬೆಂಬಲ ಇಲ್ಲ, ಏಕೆಂದರೆ ಉಪಗ್ರಹದ ಎತ್ತರದಿಂದ ಕಣಿವೆಯನ್ನು ನೋಡಿ ಬೆಳೆದವರು ಯಾರೂ ಇಲ್ಲ. ನದಿ ತಗ್ಗಿನಲ್ಲಿ ಹರಿಯುತ್ತದೆ ಎಂಬ ತಿಳಿವಳಿಕೆ ನಮ್ಮ ಬುದ್ಧಿಗೆ ಇದ್ದರೂ ಕಣ್ಣಿನ ವ್ಯವಸ್ಥೆ ಅದನ್ನು ಕೇಳಿಸಿಕೊಳ್ಳುವುದಿಲ್ಲ. ಅಕ್ಕೋರು ಕಣಿವೆಯ ಆಳ ಬಲ್ಲವರಾದರೂ ಮೋಸಹೋದದ್ದು ಇದೇ ಕಾರಣಕ್ಕೆ.

ನನ್ನ ಹವ್ಯಾಸ ಚಂದ್ರನನ್ನು ನೋಡುವುದು. ಚಂದ್ರನ ಕುಳಿಗಳ ಚಿತ್ರಗಳಲ್ಲಿ ಈ ತಿರುವುಮುರುವು ದಿನನಿತ್ಯದ ಸಂಗತಿ. ಬೆಳಕು ಕೆಳಗಿನಿಂದ ಬಿದ್ದ ಚಿತ್ರದಲ್ಲಿ ಕುಳಿಗಳೆಲ್ಲ ಬೊಕ್ಕೆಗಳಂತೆ ಉಬ್ಬಿರುತ್ತವೆ. ಅತಿ ವಿಚಿತ್ರವಾದ ಜಾಗ ಚಂದ್ರನ ದಕ್ಷಿಣ ಧ್ರುವ. ಚಂದ್ರನ ಅಕ್ಷದ ವಾಲು ಕೇವಲ ಒಂದೂವರೆ ಡಿಗ್ರಿಯಾದ್ದರಿಂದ ಅಲ್ಲಿ ಸೂರ್ಯ ಎಂದೂ ಮೇಲೇರುವುದಿಲ್ಲ, ದಿಗಂತವನ್ನು ಸವರಿಕೊಂಡು ಸುಮಾರು ಒಂದು ತಿಂಗಳಲ್ಲಿ ಒಂದು ಸುತ್ತು ಬರುತ್ತಾನೆ. ಒಂದೇ ಕುಳಿಯ ಚಿತ್ರವನ್ನು ಒಂದೇ ದಿಕ್ಕಿಗಿಟ್ಟು ನೋಡುತ್ತಾ ಹೋದರೆ, ಇಂದು ಕುಳಿಯಾಗಿ ಕಂಡದ್ದು ಎರಡು ವಾರದ ನಂತರ ಗುಡ್ಡವಾಗಿ ಕಾಣುತ್ತದೆ. 1969ರ ಜುಲೈನಲ್ಲಿ ಚಂದ್ರನ ಮೇಲೆ ಗಗನಯಾತ್ರಿ ಬಜ್ ಆಲ್ಡ್ರಿನ್ ತೆಗೆದ ಬೂಟಿನ ಗುರುತಿನ ಪ್ರಸಿದ್ಧ ಚಿತ್ರವನ್ನು ತಿರುಗಿಸಿ ಹಿಡಿದರೆ, ಮಾಸ್ತರರು ಹೇಳಿದ ಮರಳಿನ ಹೆಜ್ಜೆಯಂತೆಯೇ ಅದೂ ಉಬ್ಬುತ್ತದೆ.

ಓರೆ ಬೆಳಕಿನ ಇನ್ನೊಂದು ಆಟ ಮಂಗಳ ಗ್ರಹದ ಮುಖದ್ದು. 1976ರ ಜುಲೈ 25ರಂದು ವೈಕಿಂಗ್ 1 ನೌಕೆ ಸೈಡೋನಿಯಾ ಎಂಬ ಪ್ರದೇಶದ ಚಿತ್ರ ತೆಗೆದಾಗ ಸೂರ್ಯ ಅಲ್ಲಿನ ಆಕಾಶದಲ್ಲಿ ಕೆಳಗಿದ್ದ. ಚಪ್ಪಟೆ ತಲೆಯ ಒಂದು ಗುಡ್ಡದ ಮೇಲೆ ಬಿದ್ದ ನೆರಳುಗಳು ಕಣ್ಣು, ಮೂಗು, ಬಾಯಿಯಂತೆ ಕಂಡವು. ನೆರಳಿನಿಂದಾದ ಭ್ರಮೆ ಎಂದು ನಾಸಾ ಚಿತ್ರ ಬಿಡುಗಡೆ ಮಾಡುವಾಗಲೇ ಹೇಳಿತ್ತು, ಜನ ಕೇಳಬೇಕಲ್ಲ. 1998ರಲ್ಲಿಯೂ 2001ರಲ್ಲಿಯೂ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ಹೆಚ್ಚು ಸ್ಪಷ್ಟವಾದ ಚಿತ್ರಗಳನ್ನು ತೆಗೆದ ಮೇಲೆ ಮುಖ ಕರಗಿ, ಸವೆದ ಗುಡ್ಡವೊಂದು ಉಳಿಯಿತು. ಗಮನಿಸಿ, ಇಲ್ಲೂ ಗೆದ್ದದ್ದು ಮುಖದ ಅಭ್ಯಾಸವೇ. ಇವತ್ತು ಮಂಗಳವನ್ನು ಸುತ್ತುತ್ತಿರುವ ಮಾರ್ಸ್ ರಿಕನೈಸೆನ್ಸ್ ಆರ್ಬಿಟರ್ ಅಲ್ಲಿನ ಮಧ್ಯಾಹ್ನ ಮೂರರ ಸುಮಾರಿಗೆ ಚಿತ್ರ ತೆಗೆಯುವುದರಿಂದ ಬೆಳಕು ಪಶ್ಚಿಮದಿಂದ, ಎಂದರೆ ಹಾಳೆಯ ಎಡಗಡೆಯಿಂದ ಬರುತ್ತದೆ. ನಮ್ಮ ಕಣ್ಣಿಗೆ ಅದು ಅಷ್ಟೇನೂ ವಿರೋಧವಲ್ಲ. ಕದ್ರಾದ ಕಣಿವೆಗಿಂತ ಮಂಗಳದ ಕಣಿವೆ ಹೆಚ್ಚು ನೇರವಾಗಿ ಕಾಣುತ್ತದೆ ಎಂದರೆ ನಗು ಬರುತ್ತದೆ, ಆದರೆ ನಿಜ.

ಉತ್ತರ: ಅಂಕೋಲೆಯ ಭೂಗೋಳದವಳು

ಹಾಳೆಯನ್ನು ತಲೆಕೆಳಗು ಮಾಡುವ ಸಲಹೆಗೆ ನನ್ನ ಆಕ್ಷೇಪವಿದೆ. ಮಾಸ್ತರರು ಬೇಸರಿಸಬಾರದು. ಪ್ರಯೋಗಕ್ಕೆ ಒಮ್ಮೆ ತಿರುಗಿಸಿ ತೋರಿಸುವುದು ಒಳ್ಳೆಯದೇ. ಆದರೆ ನಕ್ಷೆಯಲ್ಲಿ ಉತ್ತರ ಮೇಲಿರುತ್ತದೆ ಎಂಬುದನ್ನು ಈಗಷ್ಟೇ ಕಲಿತ ಮಕ್ಕಳ ಮುಂದೆ, ಅರಬ್ಬೀ ಸಮುದ್ರ ಬಲಗಡೆಗೂ ಯಲ್ಲಾಪುರ ಎಡಗಡೆಗೂ ಬಂದ ಚಿತ್ರವನ್ನು ಖಾಯಂ ಆಗಿ ತೂಗುಹಾಕಿದರೆ ಒಂದು ಭ್ರಮೆ ಕಳೆದು ಇನ್ನೊಂದು ಗೊಂದಲ ತಂದಂತಾಗುತ್ತದೆ.

ನಕ್ಷೆ ಬರೆಯುವವರು ಈ ಸಮಸ್ಯೆಯನ್ನು ಉಪಗ್ರಹಗಳು ಹುಟ್ಟುವ ಎಷ್ಟೋ ಮುಂಚೆಯೇ ಬಗೆಹರಿಸಿಕೊಂಡಿದ್ದಾರೆ. ಗುಡ್ಡಗಳಿಗೆ ನೆರಳು ಹಾಕುವಾಗ ಬೆಳಕು ವಾಯವ್ಯದಿಂದ, ಎಂದರೆ ಹಾಳೆಯ ಎಡಮೇಲಿನ ಮೂಲೆಯಿಂದ ಬರುತ್ತಿದೆ ಎಂದು ಇಟ್ಟುಕೊಳ್ಳುವುದು ಅವರ ಸಂಪ್ರದಾಯ. ಗಣಕಯಂತ್ರದ ನಕ್ಷಾ ತಂತ್ರಾಂಶಗಳಲ್ಲಿಯೂ ಸಾಮಾನ್ಯವಾಗಿ ಮೊದಲೇ ತುಂಬಿರುವ ಅಂಕಿಗಳು ದಿಕ್ಕಿಗೆ (ಉತ್ತರದಿಂದ ಗಡಿಯಾರದ ಮುಳ್ಳಿನಂತೆ ಎಣಿಸಿ) 315 ಡಿಗ್ರಿ, ಎತ್ತರಕ್ಕೆ 45 ಡಿಗ್ರಿ. ನಮ್ಮ ಜಿಲ್ಲೆಯಲ್ಲಿ ವರ್ಷದ ಯಾವ ದಿನವೂ ಯಾವ ಹೊತ್ತಿನಲ್ಲೂ ಸೂರ್ಯ ಆ ಜಾಗಕ್ಕೆ ಬರುವುದಿಲ್ಲ. ಆಗಸದಲ್ಲಿ ಎಲ್ಲೂ ಇಲ್ಲದ ಸೂರ್ಯನನ್ನು ಇಟ್ಟು ಬರೆದ ನಕ್ಷೆಯಲ್ಲಿ ಗುಡ್ಡ ಗುಡ್ಡವಾಗಿ ಕಾಣುತ್ತದೆ, ಇರುವ ಸೂರ್ಯನ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಕಣಿವೆ ಗುಡ್ಡವಾಗುತ್ತದೆ. ಈ ವೈಚಿತ್ರ್ಯವನ್ನೇ ಮಕ್ಕಳಿಗೆ ಹೇಳಬಹುದು.

ಇದನ್ನು ಮಾಡಲು ಎತ್ತರದ ಅಂಕಿಅಂಶ ಬೇಕು, ಅದೂ ಉಚಿತವಾಗಿ ಸಿಗುತ್ತದೆ. 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್ ಮೂಲಕ ಹನ್ನೊಂದು ದಿನಗಳಲ್ಲಿ ಭೂಮಿಯ ಬಹುಭಾಗದ ಎತ್ತರಗಳನ್ನು ಅಳೆದ ದತ್ತಾಂಶವಿದೆ. ನಮ್ಮದೇ ಕಾರ್ಟೋಸ್ಯಾಟ್-1 ಉಪಗ್ರಹದ ಚಿತ್ರಗಳಿಂದ ತಯಾರಾದದ್ದು ಇಸ್ರೋದ ಭುವನ್ ಜಾಲತಾಣದಲ್ಲಿದೆ. ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ತೆರೆದು ನೆರಳು ಹಾಕಿಸಿ, ದಿಕ್ಕಿನ ಅಂಕಿಯನ್ನು 315ರಿಂದ 150ಕ್ಕೆ ಬದಲಿಸಿದರೆ ಸಾಕು, ಕಾಳಿ ಕಣಿವೆ ಪರದೆಯ ಮೇಲೆಯೇ ಮಗುಚಿಕೊಳ್ಳುತ್ತದೆ. ಹೊಳೆಗದ್ದೆಯವರು ಹೇಳಿದ ಡಿಸೆಂಬರಿನ ಸೂರ್ಯನ ದಿಕ್ಕು ಅದೇ. ಮಕ್ಕಳು ತಾವೇ ಅಂಕಿ ಬದಲಿಸಲಿ, ತಾವೇ ನೋಡಲಿ.

ಕಡವಾಡ ಅಕ್ಕೋರು

ಎಲ್ಲರಿಗೂ ವಂದನೆಗಳು. ಮಾಸ್ತರೇ, ನಿಮ್ಮ ಊಹೆಯಂತೆ ಮಕ್ಕಳನ್ನು ವಿಚಾರಿಸಿದೆ. ಕಣಿವೆ ಎಂದವರು ಬಹುತೇಕ ಎಲ್ಲರೂ ಕಿಟಕಿಯ ಬದಿಗೆ, ಹಾಳೆಯ ಉತ್ತರದ ಅಂಚಿನ ಕಡೆಗಿದ್ದವರೇ. ಒಬ್ಬಳು ಮಾತ್ರ ಈಚೆಗಿದ್ದೂ ಕಣಿವೆ ಎಂದವಳು. ಅವಳಿಗೆ ಗೋಡೆಯ ಮೇಲಿನ ಹಾಳೆಯಲ್ಲೂ ಕಣಿವೆಯೇ ಕಾಣುತ್ತದಂತೆ. ಅವಳ ಕಣ್ಣಿಗೆ ಯಾಕೆ ಹಾಗೆ?

ಇನ್ನೊಂದು ಸಂದೇಹ. ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ ಗಾಜಿನಂಥ ಹಾಳೆಯಿರುವ ಕಾಗದದ ಕನ್ನಡಕ ಹಾಕಿಕೊಂಡು ನೋಡುವ ಚಿತ್ರ ತಯಾರಿಸಿದರೆ ಆಳ ಸರಿಯಾಗಿ ಕಾಣುವುದಿಲ್ಲವೇ? ಆಗ ಬೆಳಕು ಎಲ್ಲಿಂದ ಬಂದರೂ ಚಿಂತೆಯಿಲ್ಲ ಎಂದುಕೊಂಡಿದ್ದೇನೆ.

ಹೊಳೆಗದ್ದೆಯವ, ಕುಮಟಾ

ಆ ಹುಡುಗಿಯ ಕಣ್ಣಿನಲ್ಲಿ ವಿಶೇಷವೇನೂ ಇರಬೇಕಾಗಿಲ್ಲ. ಬೆಳಕು ಮೇಲಿನಿಂದ ಎಂಬುದು ಮಿದುಳಿನ ಒಲವು, ಕಟ್ಟುಪಾಡಲ್ಲ. ಆ ಒಲವು ಎಲ್ಲರಲ್ಲೂ ಒಂದೇ ಬಲದ್ದಲ್ಲ. ಅವಳು ಮೊದಲು ನೀರನ್ನು ನೋಡಿ, ನೀರಿನಿಂದ ದಡಕ್ಕೆ, ದಡದಿಂದ ಮೇಲಕ್ಕೆ ಕಣ್ಣು ಹರಿಸಿದ್ದರೆ ಕಣಿವೆಯ ರೂಪ ನೆಲೆಯೂರಿರಬಹುದು. ಒಮ್ಮೆ ನೆಲೆಯೂರಿದ ರೂಪ ಸುಲಭಕ್ಕೆ ಕದಲುವುದಿಲ್ಲ. ಹಾಳೆಯ ಕೆಳ ಅಂಚಿಗೆ ಸೂರ್ಯನ ಒಂದು ಚಿತ್ರ ಅಂಟಿಸಿ, ಬೆಳಕು ಇಲ್ಲಿಂದ ಬಂದಿದೆ ಎಂದು ಬಾಣದ ಗುರುತು ಹಾಕಿ ನೋಡಿ. ಕೆಲವರಿಗೆ ಅಷ್ಟರಿಂದಲೇ ಚಿತ್ರ ಮಗುಚಿಕೊಳ್ಳುತ್ತದೆ, ಎಲ್ಲರಿಗೂ ಅಲ್ಲ.

ಕನ್ನಡಕದ ಯೋಚನೆ ಬಹಳ ಒಳ್ಳೆಯದು. ಒಂದೇ ಜಾಗವನ್ನು ಎರಡು ಕೋನಗಳಿಂದ ನೋಡಿದ ಚಿತ್ರಗಳನ್ನು ಎರಡು ಕಣ್ಣುಗಳಿಗೆ ಬೇರೆಬೇರೆಯಾಗಿ ತಲುಪಿಸಿದಾಗ ಆಳದ ಅರಿವು ಬೆಳಕಿನ ಊಹೆಗಿಂತ ಬಲವಾಗಿ ಕೆಲಸ ಮಾಡುತ್ತದೆ. 2005ರ ಮೇ ತಿಂಗಳಲ್ಲಿ ಹಾರಿದ ಕಾರ್ಟೋಸ್ಯಾಟ್-1ರಲ್ಲಿ, ಒಂದು ಮುಂದಕ್ಕೆ 26 ಡಿಗ್ರಿ, ಇನ್ನೊಂದು ಹಿಂದಕ್ಕೆ 5 ಡಿಗ್ರಿ ವಾಲಿದ ಎರಡು ಕ್ಯಾಮೆರಾಗಳನ್ನು ಇಟ್ಟದ್ದು ಇದಕ್ಕಾಗಿಯೇ. ಆದರೆ ಎಚ್ಚರಿಕೆ ಬೇಕಾದ ಜಾಗ ಇಲ್ಲೂ ಒಂದಿದೆ. ಎಡಗಣ್ಣಿನ ಚಿತ್ರ ಬಲಗಣ್ಣಿಗೂ ಬಲಗಣ್ಣಿನದು ಎಡಕ್ಕೂ ಹೋದರೆ ಆಳವೆಲ್ಲ ಎತ್ತರವಾಗುತ್ತದೆ, ಕಾಳಿ ಮತ್ತೆ ಗುಡ್ಡ ಹತ್ತುತ್ತದೆ. ಕಾಗದದ ಕನ್ನಡಕವನ್ನು ಮಗುಚಿ ಹಾಕಿಕೊಂಡರೂ ಅಷ್ಟೇ, ಆದ್ದರಿಂದ ಕೆಂಪು ಎಡಗಣ್ಣಿಗೆ ಎಂದು ಪ್ರತಿ ಕನ್ನಡಕದ ಕಡ್ಡಿಯ ಮೇಲೆ ಬರೆದಿಡಿ. ಚಿತ್ರ ತಯಾರಿಸುವಾಗ ಕೆಂಪು ಪದರದಲ್ಲಿ ಎಡಗಣ್ಣಿನ ನೋಟವನ್ನು, ಹಸಿರು ಮತ್ತು ನೀಲಿ ಪದರಗಳಲ್ಲಿ ಬಲಗಣ್ಣಿನ ನೋಟವನ್ನು ಹಾಕಬೇಕು. ಎತ್ತರದ ದತ್ತಾಂಶ ಕೈಯಲ್ಲಿದ್ದರೆ ಎರಡನೆಯ ನೋಟವನ್ನು ಗಣಕಯಂತ್ರದಲ್ಲೇ ಲೆಕ್ಕಹಾಕಿ ಪಡೆಯಬಹುದು. ಬೇರೆ ಉಪಗ್ರಹ ಚಿತ್ರಕ್ಕಾಗಿ ಅಲೆಯಬೇಕಾಗಿಲ್ಲ. ಮುದ್ರಿಸುವ ಮೊದಲು ಪರದೆಯ ಮೇಲೆ ಕನ್ನಡಕ ಹಾಕಿ ಕದ್ರಾ ಅಣೆಕಟ್ಟಿನ ಜಾಗವನ್ನು ನೋಡಿ. ಹಿನ್ನೀರಿನ ಪಕ್ಕದ ಗುಡ್ಡಗಳು ನಿಮ್ಮ ಕಡೆಗೆ ಎದ್ದು ಬಂದರೆ ಪದರಗಳು ಸರಿಯಾಗಿವೆ, ಹಿನ್ನೀರೇ ಎದ್ದು ಬಂದರೆ ಅದಲುಬದಲಾಗಿವೆ.